ಮೊಟ್ಟೆ ಮುಟ್ಟಿದ ಕೈ

ನಮ್ಮೂರಿನಲ್ಲಿ ಕಾಯಿಲೆಗೆ ಕಾರಣ ಹುಡುಕುವುದು ತೀರಾ ಸುಲಭದ ಕೆಲಸ. ಮೊದಲು ಯಾರ ಮೇಲೆ ಸಿಟ್ಟಿದೆ ಎಂದು ನೋಡಿಕೊಳ್ಳುತ್ತಾರೆ. ಆಮೇಲೆ ಕಾರಣ ತಾನಾಗಿ ಬಂದು ಕೂರುತ್ತದೆ. ಅದಕ್ಕೆ ಪ್ರಯೋಗಾಲಯ ಬೇಡ, ಎಂಎಸ್ಸಿ ಬೇಡ. ಒಂದು ಅರಳಿಕಟ್ಟೆ ಸಾಕು, ಅದೂ ಇಲ್ಲದಿದ್ದರೆ ವಾಟ್ಸಾಪ್ ಗ್ರೂಪು. ಇದೇ ಕೆಲಸವನ್ನು ನೆಟ್ಟಗೆ ಮಾಡುವುದು ಹೇಗೆಂದು ಕಲಿಯಲು ನಾನು ಹರೆಯವನ್ನೆಲ್ಲ ಸುರಿದಿದ್ದೇನೆ. ಹಾಗಾಗಿ ಸ್ವಲ್ಪ ಕಹಿಯಾಗಿ ಬರೆದರೆ ಓದುವವರು ಬೇಸರಿಸಬಾರದು. ಬೇಸರಿಸಿದರೂ ನನಗೇನೂ ಅಡ್ಡಿಯಿಲ್ಲ.

ಅವ್ವನ ಕೈಗೆ ಗುಳ್ಳೆ ಎದ್ದಾಗ ನಮ್ಮೂರು ಕಂಡುಹಿಡಿದ ಕಾರಣ ಮೊಟ್ಟೆ.

ಅವ್ವ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅಪ್ಪನ ತುಂಡು ತೆಂಗಿನ ತೋಟ ನಮ್ಮ ಹೊಟ್ಟೆ ನೋಡಿಕೊಂಡಿತು. ನನ್ನ ಬಸ್ ಪಾಸು, ಪುಸ್ತಕ, ಹಾಸ್ಟೆಲು ಇವನ್ನೆಲ್ಲ ನೋಡಿಕೊಂಡದ್ದು ಶಾಲೆಯ ಆ ಒಲೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೊಬ್ಬಳೇ. ತಿಪಟೂರಿನ ಬಸ್ಸಿನಲ್ಲಿ ಕೊಬ್ಬರಿ ಚೀಲಗಳ ಮೇಲೆ ಕೂತು ಕಾಲೇಜಿಗೆ ಹೋದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೇಳಿಕೊಳ್ಳದೇ ಇರಲು ನನ್ನ ಅಜ್ಜ ಅಮಲ್ದಾರನೇನೂ ಆಗಿರಲಿಲ್ಲ.

ಶಾಲೆಯಲ್ಲಿ ಮೊಟ್ಟೆ ಕೊಡಬೇಕೆಂದು ಸರ್ಕಾರ ಹೇಳಿದಾಗ ಊರು ಎರಡು ಭಾಗವಾಯಿತು. ನಮ್ಮದು ಮೊಟ್ಟೆ ಮುಟ್ಟದ ಮನೆ. ಊರಿನ ದೊಡ್ಡ ಮನೆಗಳೂ ಹಾಗೆಯೇ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡಿ ಎಂದು ಆದೇಶದಲ್ಲೇ ಇತ್ತು. ಆದರೆ ಅದೇ ಒಲೆ, ಅದೇ ಪಾತ್ರೆ ಎಂಬ ತಗಾದೆ ಮಾತ್ರ ನಿಲ್ಲಲಿಲ್ಲ. ಜೊತೆಯ ಅಡುಗೆಯವಳು "ನಾನಂತೂ ಬೇಯ್ಸಕಿಲ್ಲ" ಎಂದು ಸೆರಗು ಕೊಡವಿದಳು. ಅವ್ವ ಮಾತ್ರ, "ತಿನ್ನೋವು ಮಕ್ಳು. ನಾನೇನ್ ತಿಂತೀನಾ?" ಎಂದು ಬೇರೆ ಪಾತ್ರೆ ಇಟ್ಟು ಬೇಯಿಸಿದಳು, ಕೂತು ಸುಲಿದಳು. ಮಕ್ಕಳು ತಿಂದವು. ಊರಿನ ದೊಡ್ಡವರು ಅದನ್ನು ಮರೆಯಲಿಲ್ಲ.

ಆ ಮಳೆಗಾಲದಲ್ಲಿ ಅವ್ವ ಫೋನು ಮಾಡಿದಳು. ನಾನಾಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ, ವೈರಸ್‌ಗಳನ್ನು ಗುರುತಿಸುವ ಕೆಲಸದಲ್ಲಿದ್ದೆ.

"ಮಗಾ, ಕೈಗೆ ಏನೋ ಎದ್ದೈತೆ ಕಣವ್ವ. ಸ್ಕೂಲ್‌ಗೆ ಬರ್ಬ್ಯಾಡ ಅಂದವ್ರೆ."

"ವಾಸಿಯಾಗೋ ತನಕ ತಾನೇ? ಅದು ಸರೀನೇ ಅಲ್ವಾ?"

"ವಾಸಿ ಆದ್ಮ್ಯಾಲೂ ಬ್ಯಾಡಂತೆ. ಮೊಟ್ಟೆ ಮುಟ್ಟಿದ್ ಕೈಗೆ ಅಮ್ಮ ಬಂದವ್ಳೆ ಅಂತವ್ರೆ."

ನಮ್ಮ ಕಡೆ ಸಿಡುಬಿಗೆ, ಸಿಡುಬಿನಂತೆ ಕಾಣುವ ಎಲ್ಲದಕ್ಕೂ ಅಮ್ಮ ಎನ್ನುತ್ತಾರೆ. ದೇವಿ ಮೈಮೇಲೆ ಬಂದಳು ಎಂದು ಅರ್ಥ. ಆ ವರ್ಷ ಟೀವಿಯಲ್ಲಿ ಬೆಳಗಿಂದ ಸಂಜೆಯವರೆಗೆ ಮಂಕಿ ಪಾಕ್ಸ್ ಸುದ್ದಿ ಬೇರೆ. ದೇವಿ ಮತ್ತು ಟೀವಿ ಒಟ್ಟಿಗೆ ಸೇರಿದರೆ ಯಾವ ಡಾಕ್ಟರು ತಾನೇ ಏನು ಮಾಡಿಯಾನು.

ಗುಳ್ಳೆಯೆದ್ದ ಕೈಯಲ್ಲಿ ಮಕ್ಕಳಿಗೆ ಅಡುಗೆ ಮಾಡಬಾರದು. ಆ ಮಾತನ್ನು ಶಾಲೆಯವರಿಗಿಂತ ಮೊದಲು ನಾನೇ ಹೇಳುತ್ತಿದ್ದೆ. ಆದರೆ ಕೈ ವಾಸಿಯಾದ ಮೇಲೂ ಅವ್ವ ಆ ಒಲೆಯ ಮುಂದೆ ನಿಲ್ಲಬಾರದು ಎನ್ನುವುದು ಬೇರೆಯದೇ ಮಾತು. ಅವಳಿಗೆ ಮನೆಯಾಚೆ ಇದ್ದ ಒಂದೇ ಜಾಗ ಅದು. ನೂರಾರು ಮಕ್ಕಳು ಅವಳನ್ನು ಅಕ್ಕ ಎಂದು ಕೂಗುವ ಜಾಗ. ಮಾರನೆಯ ದಿನವೇ ಊರಿಗೆ ಹೊರಟೆ.

ಅವ್ವ ಜಗಲಿಯ ಮೇಲೆ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೆರಳುಗಳ ಮೇಲೆ, ಹೆಬ್ಬೆರಳಿನ ಬುಡದಲ್ಲಿ ಬಟಾಣಿ ಗಾತ್ರದ ಗುಳ್ಳೆ. ಪ್ರತಿಯೊಂದರ ನಡುವೆಯೂ ಒಂದು ಗುಳಿ. ಕೆಲವು ಆಗಲೇ ಒಣಗಿ ಕಪ್ಪು ಹಕ್ಕಳೆ ಕಟ್ಟಿದ್ದವು. ತಿಪಟೂರಿನ ಡಾಕ್ಟರೊಬ್ಬರು ಮೇಜಿನ ಆಚೆಯಿಂದಲೇ ನೋಡಿ ಅಲರ್ಜಿ ಎಂದು ಮುಲಾಮು ಬರೆದಿದ್ದರಂತೆ. ಕೈ ಹಿಡಿದು ನೋಡಿದರಾ ಎಂದು ಕೇಳಿದೆ. "ಅವ್ರ್ಯಾಕ್ ಮುಟ್ತಾರೆ ಬುಡು" ಎಂದಳು ಅವ್ವ. ಅಷ್ಟು ವರ್ಷ ಓದಿದವನು ಮೇಜಿನ ಆಚೆಯಿಂದ ನೋಡುವುದಾದರೆ ಅರಳಿಕಟ್ಟೆಯವರು ಇನ್ನೂ ಉತ್ತಮ. ಅವರು ಫೀಸು ತೆಗೆದುಕೊಳ್ಳುವುದಿಲ್ಲ.

ಅಜ್ಜಿ, ಅಂದರೆ ಅಪ್ಪನ ತಾಯಿ, ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸಿ ಎದುರು ಗೋಡೆಗೆ ಒರಗಿದ್ದಳು. ಆ ಮನೆಯಲ್ಲಿ ತೀರ್ಪು ಹೇಳುವವಳು ಅವಳೇ.

"ನಾನ್ ಅವತ್ತೇ ಹೇಳ್ದೆ. ಮೊಟ್ಟೆ ಮುಟ್ಬ್ಯಾಡ ಕಣೇ ಅಂತ. ಕೇಳಿದ್ಲಾ ನಿಮ್ಮವ್ವ?"

"ಎಮ್ಮೆ ಹೆಂಗಿದೆ ಅಜ್ಜಿ?" ಎಂದೆ.

"ನಿಮ್ಮವ್ವನ್ ವಿಚಾರ ಮಾತಾಡಿದ್ರೆ ಎಮ್ಮೆ ವಿಚಾರ ಕೇಳ್ತಾಳಲ್ಲಪ್ಪ ಇವ್ಳು! ಓದಿದ್ದು ಹೆಚ್ಚಾಯ್ತು."

ಕೊಟ್ಟಿಗೆಗೆ ಹೋಗಿ ನೋಡಿದೆ. ಹೊಸ ಎಮ್ಮೆ, ಬೇಸಿಗೆ ಮುಗಿಯುವಾಗ ಕೊಂಡದ್ದು. ಅದರ ಮೊಲೆತೊಟ್ಟುಗಳ ಮೇಲೆ ಅವ್ವನ ಬೆರಳಿನ ಮೇಲಿದ್ದಂಥದೇ ಹಕ್ಕಳೆ. ಹೊರಗೆ ಬಂದು ಹೇಳಿದೆ, ಇದು ಎಮ್ಮೆಯಿಂದ ಬಂದದ್ದು, ಹಾಲು ಕರೆಯುವಾಗ ಅಂಟಿದೆ ಎಂದು. ಅಜ್ಜಿ ನಕ್ಕಳು.

"ಹೊತ್ತಾರೆ ನಿಮ್ಮವ್ವ ಕರೀತಾಳೆ, ಬೈಗೆ ನಾನ್ ಕರೀತೀನಿ. ಅದೇ ಎಮ್ಮೆ, ಅದೇ ಕೆಚ್ಚಲು. ನಂಗ್ಯಾಕೆ ಬರ್ಲಿಲ್ಲ?" ಎಂದು ಎರಡೂ ಕೈ ಚಾಚಿದಳು. ಮುದುಕಿಯ ಕೈಯಲ್ಲಿ ಒಂದು ಗೀರೂ ಇರಲಿಲ್ಲ. "ನಾನ್ ಮೊಟ್ಟೆ ಮುಟ್ಟಿಲ್ಲ. ಅದ್ಕೆ."

ಅದು ನನಗೆ ಇವತ್ತಿಗೂ ಉರಿಯುವ ಸಂಗತಿ. ಮೂರ್ಖ ವಾದವೊಂದಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿಬಿಟ್ಟರೆ ಅದರಷ್ಟು ಸಿಟ್ಟು ಬರಿಸುವುದು ಇನ್ನೊಂದಿಲ್ಲ.

ಪಶು ಆಸ್ಪತ್ರೆಯ ಡಾಕ್ಟರು ಬಂದು ಎಮ್ಮೆಯನ್ನು ಮುಟ್ಟಿ ನೋಡಿದರು. ಈ ಕತೆಯ ಡಾಕ್ಟರುಗಳಲ್ಲಿ ಮುಟ್ಟಿ ನೋಡಿದವರು ಅವರೊಬ್ಬರೇ, ಅದೂ ಎಮ್ಮೆಯನ್ನು. "ಇಂಥವು ಮೂರ್ನಾಲ್ಕು ಥರ ಇದಾವೆ ಕಣಮ್ಮ. ಕಣ್ಣಿಗೆ ಎಲ್ಲಾ ಒಂದೇ. ಯಾವ್ದು ಅಂತ ನಿಮ್ ಲ್ಯಾಬೇ ಹೇಳ್ಬೇಕು" ಎಂದರು. ಎಮ್ಮೆಯ ತೊಟ್ಟಿನಿಂದ ಅವರು, ಅವ್ವನ ಬೆರಳಿನಿಂದ ನಾನು, ಒಣಗಿದ ಹಕ್ಕಳೆಗಳನ್ನು ಗ್ಲೌಸು ಹಾಕಿಕೊಂಡು ಬೇರೆ ಬೇರೆ ಕೊಳವೆಗೆ ತೆಗೆದುಕೊಂಡೆವು.

"ಇದ್ನ ತಗಂಡೋಗಿ ಏನ್ ಮಾಡ್ತೀಯ?" ಎಂದಳು ಅವ್ವ.

"ಒಂದು ಚಿಪ್ ಇದೆ. ಅದರ ಮೇಲೆ ಹಾಕಿದರೆ ಯಾವ ವೈರಸ್ ಅಂತ ಹೇಳುತ್ತೆ."

"ಚಿಪ್ಪಾ?"

ಅಜ್ಜಿ ಮೂಲೆಯಿಂದ ಶುರು ಮಾಡಿದಳು. "ಇಷ್ಟ್ ಓದ್ಸಿದ್ದಕ್ಕೆ ಕೊನೇಗೆ ಇವ್ಳ ಕೈಗೆ ಚಿಪ್ಪು ಬಂತಲ್ಲಪ್ಪ! ಅದೇನ್ ಹಿತ್ಲಲ್ಲಿ ರಾಶಿ ಬಿದ್ದಿರ್ಲಿಲ್ವಾ? ಬೆಂಗ್ಳೂರಿಗೇ ಹೋಗ್ಬೇಕಿತ್ತಾ?"

ಬರಿಗೈಯಾದವರನ್ನು ಚಿಪ್ಪು ಹಿಡಿದರು ಎಂದು ಹೀಯಾಳಿಸುವುದು ನಮ್ಮ ಕಡೆಯ ರೂಢಿ. ಅವ್ವನೂ ನಕ್ಕುಬಿಟ್ಟಳು. ನಾನು ಮಾತ್ರ ಹಿತ್ತಲಿಗೆ ಹೋಗಿ ನಿಜವಾಗಿಯೂ ಒಡೆದ ಚಿಪ್ಪುಗಳನ್ನು ಮಡಿಲು ತುಂಬ ತಂದು ಅವ್ವನ ಮುಂದೆ ಸುರಿದೆ. ಕೊಬ್ಬರಿ ಸೀಮೆಯವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಒಂದು ಕಾಯಿ ಒಡೆದರೆ ಎರಡು ಹೋಳು. ಒಡೆದ ಅಂಚು ಯಾವ ಎರಡು ಕಾಯಿಯಲ್ಲೂ ಒಂದೇ ಥರ ಇರುವುದಿಲ್ಲ. ಈ ಹೋಳಿಗೆ ಕೂರುವುದು ಅದರದೇ ಜೊತೆಯ ಹೋಳು ಮಾತ್ರ. ವೈರಸ್‌ನ ಒಳಗಿರುವ ಡಿಎನ್‌ಎ ಕೂಡ ಹಾಗೆಯೇ ಎರಡು ಎಳೆಯದು. ಒಂದು ಎಳೆಗೆ ಅದರ ಜೋಡಿ ಎಳೆಯೇ ಸರಿಯಾಗಿ ಕೂರಬೇಕು. ನಮ್ಮ ಚಿಪ್ ಎನ್ನುವುದು ಬೆರಳುದ್ದದ ಗಾಜಿನ ಪಟ್ಟಿ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರಾರು ಚುಕ್ಕಿ. ಒಂದೊಂದು ಚುಕ್ಕಿಯಲ್ಲೂ ಗೊತ್ತಿರುವ ಒಂದೊಂದು ವೈರಸ್‌ನ ಒಂದು ಎಳೆಯ ತುಣುಕನ್ನು ಅಂಟಿಸಿರುತ್ತಾರೆ. ಅಂದರೆ ನೆಲದ ಮೇಲೆ ಸಾವಿರಾರು ಅರ್ಧ ಚಿಪ್ಪುಗಳನ್ನು, ಇದು ಇಂಥ ತೋಟದ ಕಾಯಿ ಎಂದು ಗುರುತಿಟ್ಟು, ಸಾಲಾಗಿ ಅಂಟಿಸಿದ ಹಾಗೆ. ಈಗ ಹಕ್ಕಳೆಯಿಂದ ತೆಗೆದ ಡಿಎನ್‌ಎಗೆ ಹೊಳೆಯುವ ಬಣ್ಣ ಕಟ್ಟಿ ಅದರ ಮೇಲೆ ಹರಿಸುತ್ತೇವೆ. ಜೋಡಿ ಸಿಕ್ಕಿದ ಕಡೆ ಕೂರುತ್ತದೆ. ಉಳಿದದ್ದನ್ನು ತೊಳೆದುಬಿಡುತ್ತೇವೆ. ಆಮೇಲೆ ಯಂತ್ರದ ಬೆಳಕಿನಲ್ಲಿ ಯಾವ ಚುಕ್ಕಿ ಹೊಳೆಯಿತು ಎಂದು ನೋಡಿದರೆ ಮುಗಿಯಿತು.

ಅವ್ವ ಎರಡು ಹೋಳು ಎತ್ತಿ, ನೋಯುವ ಬೆರಳಿನ ತುದಿಯಲ್ಲೇ ಕೂಡಿಸಲು ನೋಡಿದಳು. ಕೂರಲಿಲ್ಲ. ಇನ್ನೊಂದು ಎತ್ತಿದಳು. ಕಟಕ್ಕನೆ ಕೂತಿತು.

"ಓ, ಹಂಗೆ. ಊರ್ನೋರ್ನೆಲ್ಲ ಸಾಲಾಗಿ ನಿಲ್ಸಿ ಕೇಳ್ದಂಗೆ. ಯಾರ್ದಪ್ಪಾ ಇದು ಅಂತ."

"ಹಂಗೇ ಅವ್ವ."

ಕೋವಿಡ್ ಕಾಲದಲ್ಲಿ ಎಲ್ಲರ ಮೂಗಿಗೂ ಕಡ್ಡಿ ಹಾಕಿ ಮಾಡಿದ ಪರೀಕ್ಷೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನೀನು ಅವನಾ? ಅಲ್ಲ ಎಂದರೆ ಮತ್ತೆ ಯಾರು ಎಂದು ಅದು ಹೇಳುವುದಿಲ್ಲ. ಏನೆಂದೇ ಗೊತ್ತಿಲ್ಲದಾಗ ಬೇಕಾಗುವುದು ಎಲ್ಲರನ್ನೂ ಒಟ್ಟಿಗೆ ಕೇಳುವ ಈ ಚಿಪ್. ಇಷ್ಟನ್ನು ನಮ್ಮ ಪ್ರಯೋಗಾಲಯದ ಸಾಹೇಬರು ದೊಡ್ಡ ಸಭೆಗಳಲ್ಲಿ ಗಂಟೆಗಟ್ಟಲೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅವ್ವ ಎರಡು ಚಿಪ್ಪಿನಲ್ಲಿ ಮುಗಿಸಿದಳು.

ಸಾಹೇಬರ ವಿಷಯವನ್ನೂ ಹೇಳಿಬಿಡಬೇಕು. ಹಳ್ಳಿಯ ಮೇಲೆ ಮಾತ್ರ ಹರಿಹಾಯ್ದರೆ ನ್ಯಾಯವಲ್ಲ.

ಹಕ್ಕಳೆಯ ಕೊಳವೆಗಳನ್ನು ತಂದಿದ್ದೇನೆ ಎಂದಾಗ ಅವರು ಮೊದಲು ಹೇಳಿದ್ದು, ನಾವು ತಾಲ್ಲೂಕು ಆಸ್ಪತ್ರೆಯಲ್ಲ ಎಂದು. ಚಿಪ್ ಎಲ್ಲ ಹಳೆಯದಾಯಿತು, ಈಗ ಏನಿದ್ದರೂ ಸೀಕ್ವೆನ್ಸಿಂಗ್, ಉಳಿದ ಚಿಪ್‌ಗಳು ಫ್ರಿಜ್ಜಿನಲ್ಲಿ ಬಿದ್ದಿವೆ ಎಂದರು. ಬಿದ್ದಿವೆ ತಾನೇ, ನನಗೆ ಕೊಡಿ ಎಂದೆ. ಆಮೇಲೆ ನಾನು ಗುಳ್ಳೆಯ ನಡುವಿನ ಗುಳಿಯ ಬಗ್ಗೆ, ಸಿಡುಬಿನ ಬಳಗದ ಆ ಗುರುತಿನ ಬಗ್ಗೆ, ಹೇಳಿದೆ. ಅವರ ಕಣ್ಣು ಮಿನುಗಿತು. ಕುರ್ಚಿಯಲ್ಲಿ ಮುಂದಕ್ಕೆ ಬಂದರು. ಪ್ರಯಾಣ ಮಾಡಿದ್ದಾರಾ? ವಿದೇಶದಿಂದ ಯಾರಾದರೂ ಬಂದಿದ್ದರಾ? ಹೊಸ ವೈರಸ್ ಇರಬಹುದಾ? ನನ್ನ ಅವ್ವನ ಅತಿ ದೊಡ್ಡ ಪ್ರಯಾಣ ಹತ್ತಿರದ ಸಂಪಿಗೆ ಊರಿನ ದೇವಸ್ಥಾನದವರೆಗೆ ಎಂದು ನಾನು ಹೇಳಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದಿತು. ಅವ್ವನ ಕೈ ಹೇಗಿದೆ ಎಂದು ಮಾತ್ರ ಆ ಮನುಷ್ಯ ಕೇಳಲಿಲ್ಲ.

ಮಾಡಬೇಕಾದ ಎಚ್ಚರಿಕೆಯನ್ನೆಲ್ಲ ಮಾಡಿ ಚಿಪ್ ಓಡಿಸಿದೆವು. ಯಂತ್ರದ ಪರದೆಯ ಮೇಲೆ ಮೊದಲು ಕತ್ತಲೆ, ಆಮೇಲೆ ಚುಕ್ಕಿಗಳು. ಸರ್ಪಸುತ್ತಿನ ಜಾತಿಯ ಚುಕ್ಕಿಗಳೆಲ್ಲ ಆರಿದ್ದವು. ಕುರಿಗಳ ಬಾಯಿಹುಣ್ಣಿನ ವೈರಸ್ ಇರುವ ಸಾಲೂ ಆರಿತ್ತು. ಸಿಡುಬಿನ ಬಳಗದ ಸಾಲಿನಲ್ಲಿ ಮಾತ್ರ ಬೆಳಕು. ಬಳಗ ಎಂದ ಮೇಲೆ ಒಂದಕ್ಕೊಂದು ಹೋಲಿಕೆ ಇರುತ್ತದೆ, ಹಾಗಾಗಿ ಅಲ್ಲಲ್ಲಿ ಮಂಕಾಗಿ ಮಿನುಗುವುದು ಸಹಜ. ಆದರೆ ಮಂಕಿ ಪಾಕ್ಸ್‌ಗೆಂದೇ ಇಟ್ಟಿದ್ದ ಚುಕ್ಕಿಗಳು ಕಪ್ಪಗೆ ಕೂತಿದ್ದವು. ಧಗಧಗ ಹೊಳೆದದ್ದು ಎಮ್ಮೆ ಸಿಡುಬಿನವು. ಅವ್ವನ ಬೆರಳಿನದೂ ಎಮ್ಮೆಯ ತೊಟ್ಟಿನದೂ ಒಂದೇ ಚಿತ್ರ. ಇನ್ನೊಂದು ಪರೀಕ್ಷೆ ಮಾಡಿ ಖಾತ್ರಿಪಡಿಸಿಕೊಂಡೆವು. ಹಾಲು ಕರೆಯುವವರ ಕೈಗೆ ಅಂಟುವ, ತಾನಾಗಿಯೇ ವಾಸಿಯಾಗುವ ಹಳೆಯ ಕಾಯಿಲೆ. ಮೊಟ್ಟೆಗೂ ಅದಕ್ಕೂ ಸಂಬಂಧವೇ ಇಲ್ಲ.

ಸಾಹೇಬರು ಪರದೆ ನೋಡಿ, "ಓ, ಎಮ್ಮೇದಾ?" ಎಂದರು. ತಿರುಗಿ ಹೋಗಿ ಕಾಫಿ ಕುಡಿದರು. ಅರಳಿಕಟ್ಟೆಗೆ ಪಾಪ ಬೇಕಿತ್ತು, ಇವರಿಗೆ ಹೊಸದು ಬೇಕಿತ್ತು. ಒಬ್ಬ ಹೆಂಗಸಿನ ಬೆರಳು ಇಬ್ಬರಿಗೂ ಬೇಕಿರಲಿಲ್ಲ. ವರದಿಗೆ ಸಹಿ ಹಾಕಿಸಿಕೊಳ್ಳಲು ಅವರ ಹಿಂದೆ ಓಡಾಡಿದ ಕತೆ ಬೇಡ.

ಅಜ್ಜಿಯ ಪ್ರಶ್ನೆಗೂ ಆ ವಾರ ಉತ್ತರ ಸಿಕ್ಕಿತು. ಎಮ್ಮೆ ಸಿಡುಬಿನ ವೈರಸ್ಸು, ಹಿಂದೆ ಸಿಡುಬಿಗೆ ಹಾಕುತ್ತಿದ್ದ ದಾಕಿನ ವೈರಸ್‌ನ ಖಾಸಾ ಬಂಧು. ದಾಕು ಎಂದರೆ ತೋಳಿಗೆ ಚುಚ್ಚಿ ಹಾಕುತ್ತಿದ್ದ ಆ ಕಾಲದ ಲಸಿಕೆ. ಸಿಡುಬು ಹೋದ ಮೇಲೆ ದಾಕು ನಿಂತಿತು. ಅಜ್ಜಿಯ ಕಾಲದವರ ತೋಳಿನಲ್ಲಿ ಅದರ ಕಲೆ ಇದೆ. ಅದು ನಿಂತ ಮೇಲೆ ಹುಟ್ಟಿದ ಅವ್ವನಿಗೆ ದಾಕು ಹಾಕಿಸಿಯೇ ಇರಲಿಲ್ಲ. ಮುದುಕಿಯನ್ನು ಕಾಪಾಡಿದ್ದು ಅವಳ ಮಡಿಯಲ್ಲ, ಹುಡುಗಿಯಾಗಿದ್ದಾಗ ಅಳುತ್ತಾ ಚುಚ್ಚಿಸಿಕೊಂಡ ಸೂಜಿ.

ಇದನ್ನು ಅವಳಿಗೆ ಹೇಳಿ, ಕುಪ್ಪಸದ ತೋಳು ಸರಿಸಿ ಕಲೆ ತೋರಿಸಿದೆ. ಅಜ್ಜಿ ಆ ಕಲೆಯನ್ನು ಈಗಷ್ಟೇ ಕಂಡವಳಂತೆ ನೋಡಿದಳು. "ಸರ್ಕಾರ್ದೋರ್ ಹಾಕಿದ್ದು ಕಣೇ. ನಾ ಓಡೋಗಿ ಹುಲ್ಲಿನ್ ಬಣವೆ ಹಿಂದೆ ಅವಿತ್ಕಂಡಿದ್ದೆ, ಎಳ್ಕಂಬಂದ್ ಹಾಕುದ್ರು" ಎಂದಳು. ಆಮೇಲೆ ಕುಪ್ಪಸದ ತೋಳು ಇಳಿಸಿಕೊಂಡು, "ಆದ್ರೂವೆ, ಮೊಟ್ಟೆ ಮುಟ್ಬಾರ್ದು" ಎಂದಳು. ಬಾಗಿಲ ಬೇವಿನಸೊಪ್ಪು ಬಾಡಿ ಉದುರುವವರೆಗೂ ಅಲ್ಲೇ ಇತ್ತು.

ಶಾಲೆಯಲ್ಲಿ ಸಭೆ ಕರೆದರು. ಅಷ್ಟರಲ್ಲಿ ಅವ್ವನ ಕೈ ಪೂರಾ ವಾಸಿಯಾಗಿತ್ತು. ಹಕ್ಕಳೆ ಬಿದ್ದು ತಿಳಿಯಾದ ಕಲೆಗಳು ಉಳಿದಿದ್ದವು ಅಷ್ಟೆ. ಅವಳು ಒಗೆದ ಸೀರೆ ಉಟ್ಟು ಬಾಗಿಲ ಪಕ್ಕ ನಿಂತಳು. ಒಳಗೆ ಹೆಡ್‌ಮೇಷ್ಟ್ರು, ಶಾಲಾ ಸಮಿತಿಯ ಅಧ್ಯಕ್ಷ, ಒಂದಷ್ಟು ಸದಸ್ಯರು. ಕಿಟಕಿಯ ಆಚೆ ಮಕ್ಕಳ ತಾಯಂದಿರು. ಅಧ್ಯಕ್ಷ ನಮ್ಮ ದಾಯಾದಿಯೇ, ನಾನು ಚಿಕ್ಕಪ್ಪ ಎನ್ನುವವರು. ಅವ್ವನಿಗಿಂತ ಒಂದೆರಡು ವರ್ಷ ಚಿಕ್ಕವರು. ಮೊಟ್ಟೆ ಬೇಡವೆಂದು ಮೊದಲು ಎದ್ದು ನಿಂತವರು, ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಅವ್ವನ ಕೈಯ ಫೋಟೋ ಹಾಕಿದವರು ಇವರೇ. ನಮ್ಮ ಹೊಸ ಎಮ್ಮೆಯನ್ನು ನಮಗೆ ಮಾರಿದವರೂ ಇವರೇ.

ಮೇಷ್ಟ್ರು ನನ್ನ ವರದಿಯನ್ನು ಕನ್ನಡಕ ಏರಿಸಿ ಓದಿದರು. ಓದಿದರು ಎನ್ನುವುದಕ್ಕಿಂತ ಒಂದು ಪದ ಹುಡುಕಿದರು ಎನ್ನಬೇಕು.

"ಇದ್ರಲ್ಲಿ ಪಾಕ್ಸ್ ಅಂತಲೇ ಇದೆಯಲ್ಲಮ್ಮಾ. ನೀವೇ ಬರಸ್ಕೊಂಡು ಬಂದಿದ್ದೀರಿ."

"ಬಫಲೋ ಅಂತಲೂ ಇದೆ ಸಾರ್. ಪಕ್ಕದಲ್ಲೇ."

"ಆದ್ರೂ ಪಾಕ್ಸ್ ಪಾಕ್ಸೇ ಅಲ್ವೇ? ನಾಳೆ ಮೇಲಿನೋರು ನನ್ನ ಕೇಳ್ತಾರೆ."

ಇದು ಬಿ.ಎಡ್ ಮಾಡಿದ ತಲೆ. ನನಗೆ ಅಕ್ಷರ ಕಲಿಸಿದ್ದು ಇವರಲ್ಲ, ಇವರಿಗಿಂತ ಹಿಂದಿನವರು ಎಂಬುದೇ ಸಮಾಧಾನ.

ಅಧ್ಯಕ್ಷರು ಎಡಗೈಗೆ ಟವೆಲು ಸುತ್ತಿಕೊಂಡು ಕೂತಿದ್ದರು. "ನೋಡಮ್ಮಾ, ಓದಿರೋಳು ನೀನು, ನಿಂಗೆ ಗೊತ್ತಾಗ್ಬೇಕು. ಶಾಲೆ ಅಂದ್ರೆ ಪವಿತ್ರವಾದ ಜಾಗ. ಯಾವ ಕೈ ಏನ್ ಮುಟ್ಟಿರ್ತದೋ ಅದ್ರ ಫಲ ಆ ಕೈಗೇ ಬರ್ತದೆ. ನಾವೇನ್ ಮಾಡನ? ನಿಮ್ಮವ್ವಂಗೆ ರೆಸ್ಟ್ ತಗಳಕ್ ಹೇಳು."

ಮೇಲೆ ಫ್ಯಾನು ತಿರುಗುತ್ತಿತ್ತು. ಮೇಷ್ಟ್ರು ವರದಿಯನ್ನು ಮೇಜಿನ ಮೇಲಿಟ್ಟ ಕೂಡಲೇ ಅದು ಹಾರಿತು. ಅಧ್ಯಕ್ಷರು ಹತ್ತಿರವಿದ್ದ ಕೈಯಿಂದ ಪಟ್ಟನೆ ಅದನ್ನು ಒತ್ತಿ ಹಿಡಿದರು. ಎಡಗೈ. ಟವೆಲು ಜಾರಿತು. ಹೆಬ್ಬೆರಳಿನ ಮೇಲೆ ಎರಡು ಗುಳ್ಳೆ, ತುಂಬಿಕೊಂಡು, ನಡುವೆ ಗುಳಿ ಬಿದ್ದು, ನನ್ನ ವರದಿಯ ಮೇಲೇ ಮೊಹರು ಹಾಕಿದಂತೆ ಕೂತಿದ್ದವು.

ನಾನು ಕೇಳಿದೆ. "ಚಿಕ್ಕಪ್ಪಾ, ನೀವ್ಯಾವಾಗ ಮೊಟ್ಟೆ ಸುಲಿದ್ರಿ?"

ಅವರು ಕೈ ಎಳೆದುಕೊಂಡರು. "ಏ, ಏನ್ ಮಾತಮ್ಮ ಇದು! ಇದು ಮಟ್ಟೆ ಚುಚ್ಚಿದ್ದು. ಕಾಯಿ ಸಿಪ್ಪೆ ಸುಲಿಯೋವಾಗ."

ಕಿಟಕಿಯ ಆಚೆಯಿಂದ ಒಂದು ಹೆಂಗಸಿನ ದನಿ ಬಂತು. "ಮೊಟ್ಟೆ ಅಲ್ವಂತೆ ಕಣ್ರೇ, ಮಟ್ಟೆಯಂತೆ!"

ಕಿಟಕಿ ತುಂಬ ನಗು. ಆ ಮನುಷ್ಯ ಕಾಯಿ ಸುಲಿದದ್ದನ್ನು ಊರಿನಲ್ಲಿ ಯಾರೂ ಕಂಡವರಿಲ್ಲ. ಕಾಯಿ ಸುಲಿಯಲು ಅವರ ತೋಟಕ್ಕೆ ಆಳುಗಳು ಬರುತ್ತಾರೆ. ಎಮ್ಮೆ ಹಾಲು ಕರೆಯುವುದನ್ನು ಮಾತ್ರ ಯಾರಿಗೂ ಬಿಡುವುದಿಲ್ಲ, ಆಳುಗಳು ಹಾಲು ಕದಿಯುತ್ತಾರೆಂದು. ಇದು ಕಿಟಕಿಯ ಆಚೆ ಇದ್ದವರಿಗೆಲ್ಲ ಗೊತ್ತಿತ್ತು.

"ನೀವು ನಮಗೆ ಕೊಟ್ಟ ಎಮ್ಮೆ ತೊಟ್ಟಲ್ಲೂ ಇದೇ ಇತ್ತು. ನಿಮ್ಮ ಕೊಟ್ಟಿಗೇಲಿ ಇನ್ನೂ ಎಷ್ಟಕ್ಕಿದೆ? ಆ ಗುಳ್ಳೆಯಿಂದೊಂದು ಹನಿ ಕೊಡ್ತೀರಾ, ಪರೀಕ್ಷೆ ಮಾಡಿ ಮಟ್ಟೆಯೋ ಮೊಟ್ಟೆಯೋ ಹೇಳ್ತೀನಿ" ಎಂದೆ.

ಅವರು ಕೊಡಲಿಲ್ಲ. ಕೊಡುವ ಅಗತ್ಯವೂ ಬೀಳಲಿಲ್ಲ. ನಾನು ಇಡೀ ಹಗರಣದಲ್ಲಿ ಅತ್ಯಂತ ಹೇಸಿದ್ದು ಆಮೇಲೆ ನಡೆದದ್ದಕ್ಕೆ. ಸಂಜೆಯೊಳಗೆ ಊರು ಮಾತು ಬದಲಿಸಿತು. "ಅದು ಎಮ್ಮೇದು ಕಣವ್ವ, ಹಾಲು ಕರೆಯೋರಿಗೆ ಬರ್ತದೆ, ಏನಾಗಾಕಿಲ್ಲ ಬುಡು" ಎಂದು ಅರಳಿಕಟ್ಟೆಯೇ ನನಗೆ ಪಾಠ ಹೇಳಿತು, ಹುಟ್ಟಿದಾಗಿನಿಂದ ಗೊತ್ತಿದ್ದವರ ಹಾಗೆ. ದೇವಿ ಇಳಿದು ಹೋದಳು. ಟೀವಿಯ ಮಂಗ ಕಾಡಿಗೆ ಹೋಯಿತು. ಅಷ್ಟು ದೊಡ್ಡ ಕುಳ ತಾನೇ ಕೂತು ಹಾಲು ಕರೆಯುತ್ತಾರಲ್ಲ ಎಂದು ಅಧ್ಯಕ್ಷರಿಗೆ ಹೊಗಳಿಕೆ ಬೇರೆ. ಅದೇ ವೈರಸ್ಸು, ಅದೇ ಗುಳ್ಳೆ. ಹೆಂಗಸಿನ ಕೈಯಲ್ಲಿದ್ದಾಗ ಪಾಪ, ಗಂಡಸಿನ ಹೆಬ್ಬೆರಳಿಗೆ ಬಂದಾಗ ದುಡಿಮೆ. ಇದನ್ನು ಗುರುತಿಸುವ ಚಿಪ್ ಯಾವ ದೇಶದವರೂ ಇನ್ನೂ ಮಾಡಿಲ್ಲ.

ಹೆಡ್‌ಮೇಷ್ಟ್ರು, ಡಾಕ್ಟರ ಒಂದು ಚೀಟಿ ತಂದುಕೊಡಿ ಸಾಕು ಎಂದರು. ಮೇಜಿನ ಆಚೆಯಿಂದ ಅಲರ್ಜಿ ಎಂದಿದ್ದ ಅದೇ ಡಾಕ್ಟರು, ಈ ಸಲವೂ ಮುಟ್ಟದೆ, ಕೈ ಚೆನ್ನಾಗಿದೆ ಎಂದು ಬರೆದುಕೊಟ್ಟರು.

ಅವ್ವ ಒಲೆಗೆ ವಾಪಸಾದ ದಿನ ನಾನೂ ಜೊತೆಗೆ ಹೋದೆ. ಅವತ್ತು ಮೊಟ್ಟೆಯ ದಿನ. ಅವ್ವ ಬಿಸಿ ಆರಿದ ಮೊಟ್ಟೆಗಳ ಮುಂದೆ ಕೂತು, ಕೈತೊಳೆದು, ಒಂದೊಂದನ್ನೇ ನೆಲಕ್ಕೆ ಮೆಲ್ಲಗೆ ತಟ್ಟಿ ಸಿಪ್ಪೆ ಬಿಡಿಸುತ್ತಿದ್ದಳು. ಸಾಲಿನಲ್ಲಿ ಮೊದಲು ತಟ್ಟೆ ಹಿಡಿದು ನಿಂತಿದ್ದವನು ಅಧ್ಯಕ್ಷರ ಮಗ. ಬಾಳೆಹಣ್ಣಿನ ಬುಟ್ಟಿಯ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರೇ ಬಂದರು. ಅಡುಗೆಮನೆಯ ಹೊಸ್ತಿಲಿನ ಆಚೆ ನಿಂತು, ಎಡಗೈ ಬೆನ್ನ ಹಿಂದಿಟ್ಟುಕೊಂಡು, ಸಮಿತಿಯ ಗತ್ತಿನಲ್ಲಿ ಕೇಳಿದರು.

"ಏನತ್ತಿಗೆ, ಕೈ ಹೆಂಗೈತೆ ಈಗ?"

ಅವ್ವ ಸುಲಿಯುತ್ತಿದ್ದ ಮೊಟ್ಟೆಯಿಂದ ಕಣ್ಣೆತ್ತಲಿಲ್ಲ.

"ನಂದ್ ಹಂಗಿರ್ಲಿ. ನಿಮ್ದೆಂಗೈತೆ, ತೋರ್ಸಿ?"